ಗೋಡೆ ದಾಟಿದ ಸೋರೆಬಳ್ಳಿ

ನಮ್ಮ ಮನೆಗೂ ಪಕ್ಕದ ಮೇಷ್ಟ್ರ ಮನೆಗೂ ನಡುವೆ ಬೇಲಿಯಿಲ್ಲ. ಬೆಂಗಳೂರಿನ ಹನುಮಂತನಗರದ 20–30ರ ಸೈಟುಗಳಲ್ಲಿ ಬೇಲಿಗೆ ಜಾಗವೆಲ್ಲಿ? ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಮನೆಗಳು. ಅವರ ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಬಿದ್ದರೆ ನಮ್ಮ ನಡುಮನೆಯಲ್ಲಿ ಸೀನು. ಬೇಲಿ ಅಂತ ಏನಾದರೂ ಇದ್ದರೆ ತಾರಸಿಯ ಮೇಲಿರುವ ಸೊಂಟದೆತ್ತರದ ಮೋಟುಗೋಡೆ. ಸಂಜೆ ಐದೂವರೆಗೆ ನಾನು ಈಚೆ ಕಡೆ ಗಿಡಗಳ ಹತ್ತಿರ ಇರುತ್ತೇನೆ, ಮೇಷ್ಟ್ರು ಆಚೆ ಕಡೆ ವಾಕಿಂಗ್ ಮಾಡುತ್ತಿರುತ್ತಾರೆ. ಹತ್ತು ವರ್ಷದಿಂದ "ಆಯ್ತಾ ಕಾಫಿ?" "ಆಯ್ತು ಮೇಷ್ಟ್ರೇ" ಅನ್ನುವಷ್ಟೇ ಮಾತು. ಈ ಸಲ ನಮ್ಮ ಸೋರೆಬಳ್ಳಿ ಗೋಡೆ ಹತ್ತಿ ಅವರ ಕಡೆಗೆ ಇಳಿಯಿತು ನೋಡಿ, ಅಲ್ಲಿಂದ ಮಾತಿಗೂ ಬಳ್ಳಿಯ ಹಾಗೇ ಕೊನೆಯಿಲ್ಲ.

"ಅಮ್ಮಾ, ನಿಮ್ಮ ಬಳ್ಳಿ ನಮ್ಮ ಕಡೆ ಬಂದುಬಿಟ್ಟಿದೆ."

"ಬರಲಿ ಬಿಡಿ ಮೇಷ್ಟ್ರೇ. ನಿಮ್ಮ ಕಡೆ ಬಿಟ್ಟ ಕಾಯಿ ನಿಮಗೇ."

"ಕಾಯಿ ಎಲ್ಲಿ ನಿಲ್ಲುತ್ತಮ್ಮಾ? ಬೆರಳುದ್ದ ಪೀಚು ಬರುತ್ತೆ, ಎರಡು ದಿನಕ್ಕೆ ಹಳದಿ ತಿರುಗಿ ಉದುರಿಹೋಗುತ್ತೆ. ಗೊಬ್ಬರ ಸಾಲದೇನೋ."

ಗೊಬ್ಬರದ ದೋಷವಲ್ಲ ಅಂತ ನನಗೆ ಗೊತ್ತಿತ್ತು. ಸೋರೆಯ ಬಿಳಿ ಹೂ ಅರಳುವುದೇ ಸಂಜೆ, ಬೆಳಗಾಗುವಷ್ಟರಲ್ಲಿ ಬಾಡುತ್ತದೆ. ಹಗಲಲ್ಲಿ ಓಡಾಡುವ ಜೇನುಹುಳ ಆ ಹೊತ್ತಿಗೆ ಗೂಡು ಸೇರಿರುತ್ತದೆ. ಹಳ್ಳಿಯಲ್ಲಾದರೆ ರಾತ್ರಿಯ ಪತಂಗಗಳು ಆ ಕೆಲಸ ಮಾಡುತ್ತವೆ. ನಮ್ಮ ಬೀದಿಯಲ್ಲಿ ಪತಂಗ ಕಾಣುವುದೇ ಅಪರೂಪ. ಹೀರೆಯದೂ ಇದೇ ಕಥೆ, ಸಂಜೆ ಅರಳುವ ಹೂ. ಕುಂಬಳ ಮಾತ್ರ ನಸುಕಿನಲ್ಲೇ ಅರಳಿ ಜೇನಿಗೆ ಸಿಗುತ್ತದೆ. ಹಾಗಾಗಿ ಸೋರೆಗೆ ನಾವೇ ಪತಂಗವಾಗಬೇಕು. ಹೂವಿನ ಬುಡದಲ್ಲಿ ಪುಟ್ಟ ಕಾಯಿಯ ಆಕಾರ ಇದ್ದರೆ ಅದು ಹೆಣ್ಣು, ಬರೀ ಉದ್ದ ತೊಟ್ಟಿದ್ದರೆ ಗಂಡು. ಗಂಡು ಹೂ ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿಗೆ ಮೆಲ್ಲಗೆ ಸವರಬೇಕು. ಅಷ್ಟೇ.

ಮಾರನೇ ದಿನ ಆರೂವರೆಗೆ ಮೇಷ್ಟ್ರು ಮೊಬೈಲ್ ಟಾರ್ಚ್ ಹಿಡಿದು ಬಂದರು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವರು. ಪರಾಗಸ್ಪರ್ಶದ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದರೋ. "ಕೈಯಾರೆ ಮಾಡಿದ್ದು ಇವತ್ತೇ ಅಮ್ಮಾ" ಅಂದರು. ಧ್ವನಿಯಲ್ಲಿ ಎಂಟನೇ ಕ್ಲಾಸಿನ ಹುಡುಗನ ಸಂತೋಷವಿತ್ತು. ನಾಲ್ಕು ದಿನದಲ್ಲಿ ಪೀಚು ನಿಂತಿತು, ಹದಿನೈದು ದಿನಕ್ಕೆ ಎಳೇ ಸೋರೆಕಾಯಿ ಅವರ ಮನೆಯ ಮಜ್ಜಿಗೆಹುಳಿಗೆ ಬಿತ್ತು. ಆಮೇಲೆ ಅವರು ವಾಕಿಂಗ್ ಬಿಟ್ಟು ಗೋಡೆಗೆ ಮೊಣಕೈಯೂರಿ ನಿಲ್ಲಲು ಶುರುಮಾಡಿದರು. ತಮ್ಮ ತಾರಸಿಯ ಮೇಲೂ ಒಂದು ತೋಟ ಮಾಡುವ ಆಸೆ ಹುಟ್ಟಿತ್ತು. ಆಸೆಯ ಹಿಂದೆಯೇ ನೂರು ಪ್ರಶ್ನೆ.

ಮೊದಲನೆಯದು ಸೂರಿನ ಭಯ. "ಮೋಲ್ಡು ತಡೆಯುತ್ತೇನಮ್ಮಾ? ನಮ್ಮ ಮನೆ 1988ರದು."

ಈ ಭಯ ಇರಲೇಬೇಕಾದ ಭಯ. ಜನ ಓಡಾಡುವ ತಾರಸಿಗೆ ನಮ್ಮ ದೇಶದ ಐಎಸ್ 875 ಮಾನದಂಡ ಹಿಡಿಯುವ ಲೆಕ್ಕ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋ. ನೀರು ಕುಡಿದ ಮಣ್ಣನ್ನು ಬರೀ 10 ಸೆಂಟಿಮೀಟರ್ ದಪ್ಪಕ್ಕೆ ಹರಡಿದರೂ ಚದರ ಮೀಟರಿಗೆ ಹತ್ತಿರ ಹತ್ತಿರ 170 ಕಿಲೋ ಆಗುತ್ತದೆ. ಆದ್ದರಿಂದ ಊರಿನ ಹೊಲದ ಹಾಗೆ ತಾರಸಿ ತುಂಬ ಮಣ್ಣು ಸುರಿಯುವ ಕೆಲಸವನ್ನು ಎಂಜಿನಿಯರನ್ನು ಕೇಳದೆ ಯಾರೂ ಮಾಡಬಾರದು. ಕುಂಡ, ಗ್ರೋಬ್ಯಾಗುಗಳನ್ನು ಗೋಡೆಯ ಅಂಚಿಗೆ, ಬೀಮು ಪಿಲ್ಲರುಗಳು ಹಾದುಹೋಗುವ ಜಾಗದ ಮೇಲೆ ಇಡಬೇಕು. ಸ್ಲ್ಯಾಬಿನ ನಟ್ಟನಡುವೆ ಭಾರದ್ದೇನೂ ಬೇಡ. ಮಣ್ಣನ್ನೂ ಹಗುರ ಮಾಡಿಕೊಳ್ಳಬೇಕು. ನಾನು ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಬೆರೆಸುತ್ತೇನೆ, ಮೇಲೊಂದು ಹಿಡಿ ಬೇವಿನ ಹಿಂಡಿ. ಅಂಗಡಿಯವರು ಕೋಕೊಪೀಟ್ ಅನ್ನುವ ಆ ನಾರಿನ ಪುಡಿ ನಮ್ಮ ತಿಪಟೂರು, ಅರಸೀಕೆರೆ ಸೀಮೆಯ ತೆಂಗಿನ ಸಿಪ್ಪೆಯದೇ. ಅದರಲ್ಲಿ ಉಪ್ಪಿನಂಶ ಇರುವುದರಿಂದ ಎರಡು ಮೂರು ಸಲ ನೀರಲ್ಲಿ ನೆನೆಸಿ ಹಿಂಡಿ ಬಳಸಬೇಕು.

"ಮತ್ತೆ ಸೋರಿಕೆ?"

"ಸೂರಿಗೆ ಶತ್ರು ನಿಂತ ನೀರು ಮೇಷ್ಟ್ರೇ. ಕುಂಡದ ಕೆಳಗೆ ಎರಡೆರಡು ಇಟ್ಟಿಗೆ ಕೊಡಿ. ನೀರು ಹರಿದುಹೋಗಿ ನೆಲ ಒಣಗಬೇಕು. ಪೈಪಿನ ಬಾಯಿಗೆ ಎಲೆ ಕಟ್ಟದ ಹಾಗೆ ವಾರಕ್ಕೊಮ್ಮೆ ನೋಡಿಕೊಳ್ಳಿ. ಗೋಡೆ ಬಿರುಕಲ್ಲಿ ಅರಳಿ ಸಸಿ ಕಂಡರೆ ಅವತ್ತೇ ಕಿತ್ತುಹಾಕಿ."

ಕುಂಡದ ಕೆಳಗಿನ ತಟ್ಟೆಯ ಮಾತನ್ನೂ ಸೇರಿಸಿದೆ. 2024ರಲ್ಲಿ ಡೆಂಗಿ ಎಷ್ಟು ಹರಡಿತೆಂದರೆ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ಎಂದು ಘೋಷಿಸಬೇಕಾಯಿತು. ಅದನ್ನು ಹರಡುವ ಸೊಳ್ಳೆ ಮೊಟ್ಟೆಯಿಡುವುದು ತಿಳಿನೀರಿನಲ್ಲೇ. ತಟ್ಟೆಯಲ್ಲಿ ನಿಂತ ಒಂದು ಲೋಟ ನೀರು ಅದಕ್ಕೆ ಬೇಕಾದಷ್ಟಾಯಿತು. ತಟ್ಟೆ ಬೇಡ, ಇಟ್ಟರೆ ವಾರದೊಳಗೆ ಚೆಲ್ಲಿ ಒಣಗಿಸಲೇಬೇಕು. ನಮ್ಮ ತೋಟ ಬೀದಿಯ ಮಕ್ಕಳಿಗೆ ಜ್ವರ ತರಬಾರದು.

ಎರಡನೇ ಪ್ರಶ್ನೆ ಗೊಬ್ಬರದ್ದು. "ಯಾವ ಅಂಗಡಿಯಲ್ಲಿ ತರ್ತೀರಿ?"

ಅಂಗಡಿಯಲ್ಲಿ ತರುವುದಿಲ್ಲ ಅಂದಾಗ ಮೇಷ್ಟ್ರು ನಂಬಲಿಲ್ಲ. ಮೂಲೆಯಲ್ಲಿದ್ದ ಎರಡು ನೀಲಿ ಡ್ರಮ್ಮುಗಳ ಮುಚ್ಚಳ ತೆಗೆದು ತೋರಿಸಿದೆ. ಸುತ್ತ ತೂತು ಕೊರೆದ ಡ್ರಮ್ಮು. ಅಡುಗೆಮನೆಯ ಸಿಪ್ಪೆ ಒಂದು ಪದರ, ಒಣ ಎಲೆ ಒಂದು ಪದರ, ನಾಲ್ಕು ದಿನಕ್ಕೊಮ್ಮೆ ಸ್ವಲ್ಪ ಹುಳಿ ಮಜ್ಜಿಗೆ. ನಾಲ್ಕು ಜನರ ಮನೆಯ ಸಿಪ್ಪೆಗೆ ಒಂದು ಡ್ರಮ್ಮು ತುಂಬಲು ತಿಂಗಳಿಗಿಂತ ಹೆಚ್ಚು ಬೇಕು, ಅದು ತುಂಬಿ ಮಾಗುವಷ್ಟರಲ್ಲಿ ಇನ್ನೊಂದು. ಫೆಬ್ರವರಿ, ಮಾರ್ಚಿನಲ್ಲಿ ನಮ್ಮ ಬೀದಿಯ ಹೊಂಗೆ ಮರಗಳು ಎಲೆ ಉದುರಿಸುತ್ತವೆ. ಪೌರಕಾರ್ಮಿಕರು ಗುಡಿಸಿ ಗುಡ್ಡೆ ಹಾಕಿದ್ದನ್ನು ಕೇಳಿ ಮೂರು ಗೋಣಿಚೀಲ ತುಂಬಿಟ್ಟುಕೊಂಡರೆ ವರ್ಷಕ್ಕಾಯಿತು. ನಾರುತ್ತಿದ್ದರೆ ನೀರು ಹೆಚ್ಚಾಗಿದೆ ಅಂತ ಅರ್ಥ, ಇನ್ನಷ್ಟು ಒಣ ಎಲೆ ಹಾಕಿದರೆ ಸರಿಹೋಗುತ್ತದೆ. ಹುಳು ಕಂಡರೆ ಹೆದರಬೇಕಿಲ್ಲ, ಕೊಳೆಸುವ ಕೆಲಸದಲ್ಲಿ ಅವೂ ಪಾಲುದಾರರು. ಎರಡು ತಿಂಗಳ ಮೇಲೆ ಕೈಹಾಕಿ ನೋಡಿದರೆ ಮೊದಲ ಮಳೆ ಬಿದ್ದ ನೆಲದ ವಾಸನೆ.

ಮೇಷ್ಟ್ರು ಒಂದು ಹಿಡಿ ತೆಗೆದು ಮೂಸಿದರು. ತುಂಬ ಹೊತ್ತು ಸುಮ್ಮನಿದ್ದು, "ಮಂಡೂರು ಜ್ಞಾಪಕ ಬಂತಮ್ಮಾ" ಅಂದರು.

ನನಗೂ ಅದೇ ಜ್ಞಾಪಕವಿತ್ತು. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಲಾರಿ ತುಂಬಿಸಿ ಸುರಿದ ಊರು ಮಂಡೂರು. ಬಾವಿ ಕೆಟ್ಟು, ನೊಣ ಮುತ್ತಿ, ನಾತದಲ್ಲಿ ಉಣ್ಣಲಾರದೆ ಆ ಹಳ್ಳಿಯವರು ಬೀದಿಗಿಳಿದರು. ಕೊನೆಗೆ 2014ರ ಡಿಸೆಂಬರ್ 1ರಿಂದ ಅಲ್ಲಿಗೆ ಲಾರಿ ಹೋಗುವುದು ನಿಂತಿತು. ಅದಕ್ಕೆ ಮೊದಲು ಮಾವಳ್ಳಿಪುರದ ಜನ ಇದೇ ನೋವು ಉಂಡಿದ್ದರು. 2015ರ ಕೊನೆಗೆ ಹೈಕೋರ್ಟು ಎರಡು ಬುಟ್ಟಿ, ಒಂದು ಚೀಲದ ಕ್ರಮವನ್ನು ಕಡ್ಡಾಯ ಮಾಡಿತು: ಹಸಿ ಕಸಕ್ಕೆ ಹಸಿರು, ಬಳಸಲಾಗದ್ದಕ್ಕೆ ಕೆಂಪು, ಒಣ ಕಸಕ್ಕೆ ಚೀಲ. ಮನೆಯ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿಯದೇ. ಅದನ್ನು ಮನೆಯಲ್ಲೇ ಇಟ್ಟುಕೊಂಡರೆ ಇನ್ನೊಬ್ಬರ ಊರಿಗೆ ಕಳಿಸುವುದು ಉಳಿಯುವುದೇ ಬಹಳ ಕಡಿಮೆ. ನಾನು ಡ್ರಮ್ಮು ಇಟ್ಟದ್ದು ಆ ಗಲಾಟೆಯ ದಿನಗಳಲ್ಲಿ. ತೋಟ ಆಮೇಲೆ ಬಂತು. ಗೊಬ್ಬರ ತಯಾರಾದ ಮೇಲೆ ಅದನ್ನೇನು ಮಾಡುವುದು ಅಂತ ತೋಚದೆ ನಾಲ್ಕು ಮೆಂತ್ಯಕಾಳು ಉದುರಿಸಿದ್ದೆ. ಹಾಗಾಗಿ ಯಾರಾದರೂ ಕೇಳಿದರೆ ಗಿಡಕ್ಕಿಂತ ಮೊದಲು ಡ್ರಮ್ಮಿನಿಂದ ಶುರುಮಾಡಿ ಅಂತಲೇ ಹೇಳುತ್ತೇನೆ.

ಹೀಗೆ ಮಾತಾಡುತ್ತಿರುವಾಗಲೇ ಹಿಂದಿನ ಬೀದಿಯ ಅಜ್ಜಿ ತಮ್ಮ ತಾರಸಿಯಿಂದ ಕೂಗಿದರು. ಉಡುಪಿ ಕಡೆಯವರು, ಮಗನ ಮನೆಯಲ್ಲಿದ್ದಾರೆ. ಅವರ ಬಸಳೆ ಚಪ್ಪರ ನೋಡಿಯೇ ಕಣ್ಣು ತಂಪಾಗಬೇಕು.

"ಮಾಷ್ಟ್ರಿಗೆ ಬೀಜ ಕೊಡ್ಬೇಡ ಮಾರಾಯ್ತಿ, ನಾನು ಬಸಳೆ ದಂಟು ಕೊಡ್ತೇನೆ. ಎರಡು ಮೂರು ಗೆಣ್ಣು ಇದ್ರೆ ಸಾಕು, ಊರಿದ್ರೆ ಬರ್ತದೆ."

ಗೆಣ್ಣಿಟ್ಟರೆ ಬರುವ ಗಿಡಗಳೇ ನಮ್ಮ ಹಳೇ ಹಿತ್ತಲಿನ ಬಂಡವಾಳ. ಬಸಳೆ, ದೊಡ್ಡಪತ್ರೆ, ಒಂದೆಲಗ, ಚಕ್ರಮುನಿ, ನುಗ್ಗೆ, ಇವಕ್ಕೆ ಯಾರೂ ದುಡ್ಡು ಕೊಟ್ಟದ್ದಿಲ್ಲ. ಅರಿಶಿನ ಕುಂಕುಮಕ್ಕೆ ಬಂದವರು ಹೋಗುವಾಗ ಸೆರಗಿನ ಮರೆಯಲ್ಲಿ ಒಂದು ದಂಟು ಒಯ್ಯುತ್ತಿದ್ದರು. ಚಕ್ರಮುನಿಯ ಒಂದು ಕಡ್ಡಿ ಊರಿದರೆ ವರ್ಷಗಟ್ಟಲೆ ಚಿಗುರು ಕೊಡುತ್ತದೆ. ಮಾಗಡಿ ಹತ್ತಿರದ ನಮ್ಮೂರಲ್ಲಿ ಅಮ್ಮ ಪಾತ್ರೆ ತೊಳೆಯುತ್ತಿದ್ದ ಬಚ್ಚಲ ಕಲ್ಲಿನ ಪಕ್ಕವೇ ಬಾಳೆ, ಬಾಳೆಯ ಬುಡದಲ್ಲಿ ಕೆಸು. ಬಚ್ಚಲ ನೀರೊಂದು ಹನಿಯೂ ವ್ಯರ್ಥವಾಗಿ ಹರಿದದ್ದಿಲ್ಲ. ಬೆಂಗಳೂರಿನ ಸೈಟುಗಳು ಕಿರಿದಾದಂತೆ ಹಿತ್ತಲು ಹೋಯಿತು. ತಾರಸಿಯೊಂದು ಉಳಿದಿದೆ. ಹಿತ್ತಲು ಈಗ ಏಣಿ ಹತ್ತಿ ಅಲ್ಲಿ ಕೂತಿದೆ ಅಂತ ನನಗನ್ನಿಸುತ್ತದೆ.

ಮೂರನೇ ಪ್ರಶ್ನೆ ನೀರಿನದು, ಮೇಷ್ಟ್ರು ಅದನ್ನು ಸ್ವಲ್ಪ ಗಟ್ಟಿಯಾಗಿಯೇ ಕೇಳಿದರು. "ಕುಡಿಯೋ ನೀರಿಗೇ ಪರದಾಡೋ ಊರಲ್ಲಿ ಮಹಡಿ ಮೇಲೆ ತೋಟ ಮಾಡೋದು ಸರಿಯೇನಮ್ಮಾ?"

ಸರಿಯಾದ ಪ್ರಶ್ನೆ. ನಮ್ಮ ನಲ್ಲಿಗೆ ಬರುವ ಕಾವೇರಿ ತೊರೆಕಾಡನಹಳ್ಳಿಯಿಂದ ಹೊರಟು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪಾಗಿ, ಸುಮಾರು 100 ಕಿಲೋಮೀಟರ್ ದೂರ ಬಂದು, ಸುಮಾರು 500 ಮೀಟರ್ ಎತ್ತರ ಏರಿ ನಮ್ಮನ್ನು ಸೇರುತ್ತಾಳೆ. 2024ರ ಬೇಸಿಗೆಯಲ್ಲಿ ಊರ ಹೊರವಲಯದ ಬೋರ್‌ವೆಲ್ಲುಗಳು ಬತ್ತಿ, ಟ್ಯಾಂಕರಿಗೆ ಜನ ಕ್ಯೂ ನಿಂತರು. ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತು. ಆ ಆದೇಶ ನ್ಯಾಯವಾದದ್ದು ಅಂತ ಅವತ್ತೂ ಅಂದುಕೊಂಡೆ, ಇವತ್ತೂ ಅನ್ನುತ್ತೇನೆ. ಒಬ್ಬರ ಮನೆಯಲ್ಲಿ ಕುಡಿಯಲು ನೀರಿಲ್ಲದಿರುವಾಗ ಇನ್ನೊಬ್ಬರ ಟೊಮೆಟೊ ಗಿಡಕ್ಕೆ ಕಾವೇರಿ ಹಾಯಿಸುವುದು ತಪ್ಪು.

ಆ ಬೇಸಿಗೆ ನನಗೆ ತೋಟವನ್ನು ಹೊಸದಾಗಿ ಕಲಿಸಿತು. ಅರವತ್ತು ಕುಂಡವಿದ್ದದ್ದನ್ನು ಇಪ್ಪತ್ತೈದಕ್ಕೆ ಇಳಿಸಿದೆ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಸೊಪ್ಪು ತರಕಾರಿ ತೊಳೆದ ನೀರು, ಇವಕ್ಕೆ ಅಡುಗೆಮನೆಯಲ್ಲೇ ಒಂದು ಬಕೆಟ್ ಇಟ್ಟೆ. ಸಂಜೆಗೆ ಹನ್ನೆರಡರಿಂದ ಹದಿನೈದು ಲೀಟರ್ ಸೇರುತ್ತಿತ್ತು! ಇಷ್ಟು ವರ್ಷ ಅಷ್ಟೂ ಸಿಂಕಿನಲ್ಲಿ ಇಳಿದುಹೋಗುತ್ತಿತ್ತಲ್ಲ ಅಂತ ಹೊಟ್ಟೆ ಉರಿಯಿತು. ಬಟ್ಟೆ ಜಾಲಿಸಿದ ಕೊನೆಯ ನೀರನ್ನು ದಾಸವಾಳ, ಕಣಗಿಲೆಯಂಥ ಹೂಗಿಡಗಳಿಗೆ ಮಾತ್ರ ಹಾಕಿದೆ, ತಿನ್ನುವ ಸೊಪ್ಪಿಗೆ ಸೋಪಿನ ಸೋಂಕೂ ಬೇಡ. ಕುಂಡದ ಮಣ್ಣಿನ ಮೇಲೆ ಹೊಂಗೆ ಎಲೆಯ ಹೊದಿಕೆ ಹಾಸಿದೆ, ಮೇಲೆ ಹಸಿರು ನೆರಳುಬಲೆ ಕಟ್ಟಿದೆ. ಎರಡು ದಿನಕ್ಕೊಮ್ಮೆ ನೀರು ಹಾಕಿದರೂ ಗಿಡ ತಡೆದುಕೊಂಡಿತು. ಇಪ್ಪತ್ತೈದರಲ್ಲಿ ಒಂದೂ ಸಾಯಲಿಲ್ಲ.

ಆ ವರ್ಷ ಮಳೆ ಶುರುವಾದಾಗ ತಾರಸಿಯ ಪೈಪಿಗೆ ಒಂದು ಡ್ರಮ್ಮು ಜೋಡಿಸಿದೆ. ಲೆಕ್ಕ ಸುಲಭ: ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ತಾರಸಿ ಸುಮಾರು 500 ಚದರ ಅಡಿ, ಅಂದರೆ 46 ಚದರ ಮೀಟರ್. 30 ಮಿಲಿಮೀಟರಿನ ಒಂದು ಜೋರು ಮಳೆಗೆ ಸುಮಾರು 1,400 ಲೀಟರ್! ಬೆಂಗಳೂರಿಗೆ ವರ್ಷಕ್ಕೆ ಹೆಚ್ಚುಕಡಿಮೆ 970 ಮಿಲಿಮೀಟರ್ ಬೀಳುತ್ತದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ಊರಿಗೆ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರಿನ ದಾರಿಯಾಯಿತು. ಆದರೂ ನಮ್ಮ ಬಕೆಟ್ಟು ಅಡುಗೆಮನೆಯಿಂದ ಕದಲಿಲ್ಲ.

ಹುಳದ ಮಾತು ಬರದೆ ತೋಟದ ಹರಟೆ ಮುಗಿಯುವುದುಂಟೆ? ಮೇಷ್ಟ್ರ ಮನೆಯವರಿಗೆ ದೇವರಿಗೆ ದಾಸವಾಳ ಬೇಕು. ಆ ಗಿಡಕ್ಕೆ ಬಿಳೀ ಹತ್ತಿಯಂಥ ಹಿಟ್ಟು ತಿಗಣೆ ಹತ್ತಿತ್ತು. ಔಷಧಿ ಹೊಡೆಯಲು ಹೊರಟಿದ್ದವರನ್ನು ತಡೆದು ಒಂದು ಕಥೆ ಹೇಳಿದೆ. 2008ರ ಸುಮಾರಿಗೆ ಪರಂಗಿಯ ಹಿಟ್ಟು ತಿಗಣೆ ಅನ್ನುವ ಹೊರದೇಶದ ಕೀಟ ದಕ್ಷಿಣ ಭಾರತಕ್ಕೆ ನುಗ್ಗಿ ಪರಂಗಿ, ಹಿಪ್ಪುನೇರಳೆ, ದಾಸವಾಳಗಳನ್ನು ಹಾಳುಗೆಡವಿತು. ವಿಷಕ್ಕೆ ಅದು ಬಗ್ಗಲಿಲ್ಲ. ಆಗ 2010ರಲ್ಲಿ ನಮ್ಮ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆಯ ವಿಜ್ಞಾನಿಗಳು ಪೋರ್ಟರಿಕೊದಿಂದ ಆ ತಿಗಣೆಯ ಸಹಜ ಶತ್ರುವಾದ ಸಾಸಿವೆಗಾತ್ರದ ಪರತಂತ್ರ ಜೀವಿ ಕಣಜಗಳನ್ನು ತರಿಸಿ ಬಿಟ್ಟರು. ಅವುಗಳಲ್ಲಿ ಅಸೆರೋಫೇಗಸ್ ಅನ್ನುವುದು ನೆಲೆಯೂರಿ ತಿಗಣೆಯನ್ನು ಹತೋಟಿಗೆ ತಂದಿತು. ಒಂದು ಹುಳ ರೈತರ ಬೆಳೆ ಉಳಿಸಿತು. ವಿಷ ಹೊಡೆದರೆ ಮೊದಲು ಸಾಯುವುದು ಇಂಥ ಉಪಕಾರಿ ಹುಳಗಳೇ, ಜೊತೆಗೆ ಗುಲಗಂಜಿ ಹುಳ, ಜೇನು. ನೀರು ರಭಸವಾಗಿ ಎರಚಿ ತಿಗಣೆ ತೊಳೆಯಿರಿ, ಹೆಚ್ಚು ಮುತ್ತಿದ ರೆಂಬೆ ಕತ್ತರಿಸಿ. ಲೀಟರಿಗೆ ನಾಲ್ಕೈದು ಮಿಲಿಲೀಟರ್ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ಮೂರು ವಾರ ತಾಳ್ಮೆಯಿರಲಿ. ಮೇಷ್ಟ್ರ ದಾಸವಾಳ ಈಗ ದಿನಕ್ಕೆ ಐದಾರು ಹೂ ಬಿಡುತ್ತಿದೆ.

"ಎಲ್ಲಾ ಸರಿ ಅಮ್ಮಾ. ಆದರೆ ಇಷ್ಟು ಕಷ್ಟಪಟ್ಟು ಬೆಳೆದರೂ ಊರಿಗೆಲ್ಲ ಸಾಲುತ್ಯೆ?"

ಸಾಲುವುದಿಲ್ಲ. ಅಕ್ಕಿ, ರಾಗಿ, ಈರುಳ್ಳಿ, ಆಲೂಗಡ್ಡೆಗೆ ನಾವು ರೈತರ ಹೊಲವನ್ನೇ ನಂಬಿದವರು, ಮುಂದೆಯೂ ಹಾಗೇ. ನಮ್ಮ 500 ಚದರ ಅಡಿಯಲ್ಲಿ ಮನೆಗೆ ವಾರಕ್ಕೆ ಮೂರು ದಿನದ ಸೊಪ್ಪು, ಹಸಿಮೆಣಸಿನಕಾಯಿ, ಕರಿಬೇವು, ಕಾಲಕ್ಕೆ ತಕ್ಕ ಹಾಗೆ ಬದನೆ, ಬೆಂಡೆ, ಟೊಮೆಟೊ, ಒಂದು ಬಳ್ಳಿ ತರಕಾರಿ ಸಿಗುತ್ತದೆ. ಅಷ್ಟೇ. ಆದರೆ ಸೊಪ್ಪೊಂದು ಮನೆಯದಾಗುವುದು ಸಣ್ಣ ಮಾತಲ್ಲ. ನಮ್ಮ ದೊಡ್ಡಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆ ಅಂತ ಹಿರಿಯರು ಹೇಳುವ ವೃಷಭಾವತಿ ಹೊಳೆಯನ್ನು ನೆನೆಯಿರಿ. ನಮ್ಮ ಸಿಂಕು, ಬಚ್ಚಲು, ಕಾರ್ಖಾನೆಗಳ ಕೊಳೆಯನ್ನೆಲ್ಲ ಹೊತ್ತು ಅವಳು ಬೈರಮಂಗಲದ ಕೆರೆಗೆ ಹೋಗುತ್ತಾಳೆ. ಅಲ್ಲಿನ ಬೇಸಾಯಗಾರರಿಗೆ ಆಸರೆ ಆ ನೀರೇ, ಅವರನ್ನು ದೂರಿ ಫಲವಿಲ್ಲ. ನಾವು ಕೆಳಗೆ ಹರಿಬಿಟ್ಟದ್ದು ಸೊಪ್ಪಿನ ಕಂತೆಯಾಗಿ ನಮ್ಮ ಬಾಗಿಲಿಗೇ ಬರುತ್ತದೆ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಎರಡನ್ನೂ ಮೇಲಕ್ಕೆ ಹೊತ್ತುಕೊಂಡು ಹೋದ ಮನೆ ಆ ಹೊಳೆಗೆ, ಮಂಡೂರಿನಂಥ ಊರಿಗೆ ಅಷ್ಟರಮಟ್ಟಿಗೆ ಋಣ ತೀರಿಸಿದ ಹಾಗೆ. ಇಷ್ಟು ವರ್ಷ ತೋಟ ಮಾಡಿ ನಾನು ತಿಳಿದುಕೊಂಡದ್ದು ಇದೇ.

ಇನ್ನೊಂದು ಲಾಭವೂ ಉಂಟು. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಎಲ್ಲರೂ ಬೈದರು. ಕೋಲಾರದ ರೈತ ಬೆಲೆ ಬಿದ್ದು ರಸ್ತೆಗೆ ಟೊಮೆಟೊ ಸುರಿದ ವರ್ಷಗಳಲ್ಲಿ ಬೈಯಲು ಯಾರೂ ಇರಲಿಲ್ಲ. ಒಂದು ಟೊಮೆಟೊ ಸಸಿಯನ್ನು ನೆಟ್ಟು, ಕೋಲು ಕಟ್ಟಿ, ಎಲೆಮುದುಡು ರೋಗದಿಂದ ಕಾಪಾಡಿ, ಎರಡು ತಿಂಗಳ ಮೇಲೆ ಮೊದಲ ಹಣ್ಣು ಕಿತ್ತವರು ಗಾಡಿಯ ಮುಂದೆ ನಿಂತು ಐದು ರೂಪಾಯಿಗೆ ಚೌಕಾಸಿ ಮಾಡಲಾರರು. ನನ್ನ ಬಾಯಿ ಕಟ್ಟಿಹೋಗಿದೆ. ಬೆಳಗ್ಗೆ ತಲೆಯ ಮೇಲೆ ಪುಟ್ಟಿ ಹೊತ್ತು ಬರುವ ಸೊಪ್ಪಿನಮ್ಮ ಹೇಳಿದ ಬೆಲೆ ಕೊಟ್ಟು ಸುಮ್ಮನೆ ಬರುತ್ತೇನೆ.

ಮೇಷ್ಟ್ರಿಗೆ ಹಳೆಯದೊಂದು ನೆನಪಾಯಿತು. 1965ರಲ್ಲಿ ಅವರಿಗೆ ಹತ್ತು ವರ್ಷ. ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಸೋಮವಾರ ರಾತ್ರಿ ಊಟ ಬಿಡಿ ಅಂದಾಗ ಅವರ ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲವಂತೆ. "ಶಾಸ್ತ್ರೀಜಿ ತಮ್ಮ ಸರ್ಕಾರಿ ಬಂಗಲೆಯ ಹುಲ್ಲುಹಾಸನ್ನೇ ಉತ್ತು ಬಿತ್ತಿದ್ದರಮ್ಮಾ. ನಮ್ಮ ಅಪ್ಪ ಅದನ್ನು ಪೇಪರಲ್ಲಿ ಓದಿ ಅಂಗಳದಲ್ಲಿ ಅಲಸಂದೆ ಹಾಕಿದರು. ಆ ಕಾಳಿನ ಸಾರಿನ ರುಚಿ ಇನ್ನೂ ನಾಲಗೆ ಮೇಲಿದೆ." ಎಪ್ಪತ್ತರ ಮೇಷ್ಟ್ರ ಕಣ್ಣು ಒದ್ದೆಯಾಗಿತ್ತು.

ಬೆಂಗಳೂರಿಗೆ ತೋಟ ಹೊಸದೂ ಅಲ್ಲ. 1760ರಲ್ಲಿ ಹೈದರಾಲಿ ಲಾಲ್‌ಬಾಗಿಗೆ ಅಡಿಪಾಯ ಹಾಕಿದ. ಕರಗ ಹೊರುವ ತಿಗಳರು ತಲೆತಲಾಂತರದ ತೋಟಗಾರರು, ಊರಿಗೆ ಸೊಪ್ಪು, ಹೂ, ತರಕಾರಿ ಬೆಳೆದುಕೊಟ್ಟವರು. ಬೆಂಗಳೂರು ನೀಲಿ ದ್ರಾಕ್ಷಿ, ಬೆಂಗಳೂರು ಗುಲಾಬಿ ಈರುಳ್ಳಿ, ದೇವನಹಳ್ಳಿ ಚಕ್ಕೋತ, ಮೂರಕ್ಕೂ ಭೌಗೋಳಿಕ ಗುರುತಿನ ಮನ್ನಣೆಯಿದೆ. ಆ ತೋಟಗಳ ಮೇಲೆ ಬಡಾವಣೆ ಎದ್ದಾಗ ತೋಟವನ್ನು ತಾರಸಿಗೆ ಒಯ್ಯಲು ಊರಿಗೆ ಕಲಿಸಿದವರಲ್ಲಿ ದೊಡ್ಡ ಹೆಸರು ಡಾ. ಬಿ.ಎನ್. ವಿಶ್ವನಾಥ್. ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರ ಕಲಿಸುತ್ತಿದ್ದ ಅವರು ಗೃಹಿಣಿಯರಿಗೆ, ಐಟಿ ಹುಡುಗರಿಗೆ ವಿಷವಿಲ್ಲದ ತಾರಸಿ ತೋಟದ ತರಬೇತಿ ಕೊಟ್ಟರು. 2011ರಲ್ಲಿ ಶುರುವಾದ 'ಊಟ ಫ್ರಂ ಯುವರ್ ತೋಟ' ಸಂತೆಗಳಲ್ಲಿ ಬೀಜ, ಗೊಬ್ಬರ, ಅನುಭವ ಎಲ್ಲ ಒಂದೇ ಕಡೆ ಸಿಗುತ್ತಿತ್ತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೈತೋಟಕ್ಕೂ ಬೀಜ ಮಾರುತ್ತದೆ. ಬೆಂಡೆಗೆ ಅರ್ಕಾ ಅನಾಮಿಕ, ಮತ್ತೆ ಮತ್ತೆ ಕೊಯ್ಯುವ ದಂಟಿಗೆ ಅರ್ಕಾ ಸುಗುಣ ನನ್ನ ಆಯ್ಕೆ. ನಾಟಿ ಬೀಜ ಬೇಕೆಂದರೆ ಶಿರಸಿಯ ವನಸ್ತ್ರೀ ಬಳಗದ ಹೆಂಗಸರು ಮಲೆನಾಡ ಹಿತ್ತಲುಗಳ ಬೀಜ ಕಾಪಾಡಿಕೊಂಡು ಬಂದಿದ್ದಾರೆ.

ಈಗ ಮೇಷ್ಟ್ರ ಕಡೆ ಹನ್ನೆರಡು ಕುಂಡಗಳಿವೆ. ಅವರಿಗೆ ಅವರೆ ಹಾಕುವ ಹಟ. ಹೆಬ್ಬಾಳ ಅವರೆ 3, 4ರಂಥ ತಳಿಗಳನ್ನು ವರ್ಷವಿಡೀ ಬೆಳೆಯಬಹುದು. ಆದರೆ ನನ್ನ ಊರಿನ ಮಾಗಡಿ ಸೀಮೆಯ ಸೊಗಡಿನ ಅವರೆ ಹಗಲು ಚಿಕ್ಕದಾಗುವ ತನಕ ಹೂವೇ ಬಿಡದು. ಇಬ್ಬನಿ ಬೀಳಬೇಕು, ಕೈಗೆ ಸೊನೆ ಅಂಟಬೇಕು. "ಕಾಯೋಣ ಬಿಡಿ ಅಮ್ಮಾ, ನನಗೇನು ಅವಸರ" ಅಂದರು. ಊರಿಂದ ಬೀಜ ತರಿಸಿಕೊಟ್ಟೆ. ಆಗಸ್ಟಿನಲ್ಲಿ ಊರಿದ್ದು ಈಗ ನನ್ನ ಸೋರೆಬಳ್ಳಿಯ ದಾರಿ ಹಿಡಿದು ಗೋಡೆಯ ಈಚೆಗೆ ಇಳಿಯುತ್ತಿದೆ.

ಓದುತ್ತಿರುವ ನಿಮಗೂ ಒಂದು ಮಾತು. ದೊಡ್ಡ ದುಡ್ಡಿನ ಕಿಟ್ಟು ಕೊಳ್ಳಬೇಡಿ. ನಾನು ಮೊದಲ ವರ್ಷ ಒಂದು ಅಂಗಡಿಯಲ್ಲಿ ಕೊಂಡ ಸಿದ್ಧ ಮಣ್ಣು ಒಂದೇ ತಿಂಗಳಲ್ಲಿ ಕಲ್ಲಾಗಿತ್ತು, ಬೀಜ ಮೊಳೆಯಲಿಲ್ಲ. ಇವತ್ತು ಅಡುಗೆಮನೆಯಲ್ಲಿ ಒಂದು ಬಕೆಟ್ ಇಡಿ, ಮಹಡಿಯ ಮೇಲೊಂದು ತೂತು ಕೊರೆದ ಡ್ರಮ್ಮು ಇಡಿ. ಗೊಬ್ಬರ ಮಾಗುವ ತನಕ ಕೈ ಸುಮ್ಮನಿರದಿದ್ದರೆ ರಾತ್ರಿ ಸಾಸಿವೆ ಡಬ್ಬಿಯ ಪಕ್ಕದ ಮೆಂತ್ಯ ಒಂದು ಹಿಡಿ ನೆನೆಹಾಕಿ. ಬೆಳಗ್ಗೆ ಹಳೇ ಟಬ್ಬಿನಲ್ಲಿ ನಾಲ್ಕು ಬೆರಳು ಮಣ್ಣು ಹಾಕಿ, ಉದುರಿಸಿ, ಅಕ್ಕಿ ತೊಳೆದ ನೀರು ಚಿಮುಕಿಸಿ. ನಾಲ್ಕನೇ ದಿನ ಮೊಳಕೆ ಕಾಣುತ್ತದೆ, ಇಪ್ಪತ್ತೈದನೇ ದಿನ ಸೊಪ್ಪು ಕೊಯ್ಯಬಹುದು. ಅರ್ಧ ನೀವಿಟ್ಟುಕೊಂಡು ಇನ್ನರ್ಧ ಪಕ್ಕದ ಮನೆಗೆ ಕೊಡಿ.